ನಾನು ಮೆಚ್ಚಿದ ವಿಜ್ಞಾನಿ ರೋಸಲಿಂಡ್ ಫ್ರಾಂಕ್ಲಿನ್

ಡಿಎನ್‌ಎ ಅಂದ ಕೂಡಲೇ ಎಲ್ಲರೂ ವಾಟ್ಸನ್, ಕ್ರಿಕ್ ಅಂತಾರೆ. ಆದ್ರೆ ನನಗೆ ಇಷ್ಟವಾದವರು ರೋಸಲಿಂಡ್ ಫ್ರಾಂಕ್ಲಿನ್. ಇವರು 1920ರ ಜುಲೈ 25ರಂದು ಲಂಡನ್ನಿನಲ್ಲಿ ಹುಟ್ಟಿದರು. ಕೇಂಬ್ರಿಜ್‌ನಲ್ಲಿ ಓದಿದರು. ಕಲ್ಲಿದ್ದಲಿನ ಮೇಲೆ ಸಂಶೋಧನೆ ಮಾಡಿ 1945ರಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಪ್ಯಾರಿಸ್‌ನಲ್ಲಿ ಎಕ್ಸ್‌-ರೇಯಿಂದ ವಸ್ತುಗಳ ಒಳರಚನೆ ನೋಡುವುದನ್ನು ಕಲಿತರು.

1951ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದರು. 1952ರಲ್ಲಿ ಇವರೂ ಇವರ ವಿದ್ಯಾರ್ಥಿ ಗಾಸ್ಲಿಂಗರೂ ಡಿಎನ್‌ಎಯ ಬಹಳ ಸ್ಪಷ್ಟವಾದ ಚಿತ್ರ ತೆಗೆದರು. ಅದೇ 51ನೇ ಚಿತ್ರ. ಅಲ್ಲೇ ಕೆಲಸ ಮಾಡ್ತಿದ್ದ ವಿಲ್ಕಿನ್ಸ್ ಅದನ್ನು ಇವರಿಗೆ ತಿಳಿಸದೆ ವಾಟ್ಸನ್‌ಗೆ ತೋರಿಸಿಬಿಟ್ಟರು. 1953ರ ಏಪ್ರಿಲ್ 25ರ ನೇಚರ್ ಪತ್ರಿಕೆಯಲ್ಲಿ ಡಿಎನ್‌ಎ ಬಗ್ಗೆ ಮೂರು ಲೇಖನ ಬಂದವು. ವಾಟ್ಸನ್, ಕ್ರಿಕ್ ಬರೆದದ್ದು ಮೊದಲನೆಯದು, ಇವರದು ಮೂರನೆಯದು. ಮೊದಲ ಲೇಖನದ ಕೊನೆಗೆ ಇವರ ಹೆಸರು ಒಂದು ಸಲ ಬಂತು ಅಷ್ಟೇ. ಆ ಚಿತ್ರದ ಮಾತೇ ಇರಲಿಲ್ಲ.

ಇವರು ಸುಮ್ಮನೆ ಕೂರಲಿಲ್ಲ. ಬರ್ಕ್‌ಬೆಕ್ ಕಾಲೇಜಿಗೆ ಹೋಗಿ ತಂಬಾಕು ಗಿಡಕ್ಕೆ ರೋಗ ತರುವ ವೈರಸ್ ಬಗ್ಗೆ ಸಂಶೋಧನೆ ಮಾಡಿದರು. 1956ರಲ್ಲಿ ಕ್ಯಾನ್ಸರ್ ಅಂತ ಗೊತ್ತಾದರೂ ಕೆಲಸ ಬಿಡಲಿಲ್ಲ. 1958ರ ಏಪ್ರಿಲ್ 16ರಂದು ತೀರಿಕೊಂಡಾಗ ಬರೀ 37 ವರ್ಷ. ಅಷ್ಟರಲ್ಲೇ ಕಲ್ಲಿದ್ದಲು, ಇಂಗಾಲದ ಮೇಲೆ 19, ಡಿಎನ್‌ಎ ಮೇಲೆ 5, ವೈರಸ್ ಮೇಲೆ 21 ಲೇಖನ ಬರೆದಿದ್ದರು.

1962ರಲ್ಲಿ ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಮೂವರಿಗೂ ನೊಬೆಲ್ ಬಹುಮಾನ ಬಂತು. ಆಗ ಇವರು ಬದುಕಿರಲಿಲ್ಲ.

ಯಾರ ಕೆಲಸದಿಂದ ನಾವು ತಿಳಿದುಕೊಂಡೆವೋ ಅವರ ಹೆಸರು ಹೇಳಬೇಕು. ಗೆಳತಿಯ ನೋಟ್ಸ್ ನೋಡಿ ಬರೆದರೂ ಅಷ್ಟೇ. ಇದನ್ನು ನಾನು ಇವರ ಜೀವನದಿಂದ ಕಲಿತೆ.

– 7ನೇ ತರಗತಿ