ಥಾಮಸ್ ರಾಬರ್ಟ್ ಮಾಲ್ಥಸ್

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಯೂರೋಪಿನ ವಿಚಾರವಂತರಲ್ಲಿ ಹೊಸ ನಂಬಿಕೆಯೊಂದು ಬೇರೂರಿತ್ತು. ದೈವಕೃಪೆಯ ಹಂಗಿಲ್ಲದೆ, ಕೇವಲ ವಿವೇಕದ ಬಲದಿಂದ ಮಾನವನು ಮೇಲೇರುತ್ತಲೇ ಹೋಗುವನು. ಬಡತನ, ಯುದ್ಧಗಳು ಒಂದು ದಿನ ಮರೆಯಾಗುವುವು ಎಂಬುದೇ ಆ ನಂಬಿಕೆ. ಫ್ರಾನ್ಸಿನ ಕೊಂಡೋರ್ಸೆ ಇದನ್ನು ಗ್ರಂಥವಾಗಿ ಬರೆದುದು ಬಂಧನದ ಭೀತಿಯಿಂದ ಅಡಗಿ ಕುಳಿತಿದ್ದಾಗ. 1794ರಲ್ಲಿ ಅವನು ಸೆರೆಯಲ್ಲೇ ಮಡಿದನು. ಇಂಗ್ಲೆಂಡಿನಲ್ಲಿ ವಿಲಿಯಂ ಗಾಡ್ವಿನ್ ಅದೇ ಭರವಸೆಯನ್ನು ಸಾರುತ್ತಿದ್ದನು. ಅದನ್ನು ಲೆಕ್ಕದ ಒರೆಗೆ ಹಚ್ಚಿ ನೋಡಿದವನು ಮಾಲ್ಥಸ್.

ಮಾಲ್ಥಸ್ ಹುಟ್ಟಿದ್ದು 1766ರಲ್ಲಿ, ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿ. ಸೀಳುತುಟಿಯ ದೆಸೆಯಿಂದ ಅವನ ಮಾತು ಅಸ್ಪಷ್ಟವಾಗಿತ್ತು. ಬುದ್ಧಿ ಮಾತ್ರ ಹರಿತವಾಗಿತ್ತು. ಕೇಂಬ್ರಿಜ್ಜಿನಲ್ಲಿ ಗಣಿತವನ್ನು ವ್ಯಾಸಂಗ ಮಾಡಿ, ಬಳಿಕ ಹಳ್ಳಿಯ ಚರ್ಚೊಂದರಲ್ಲಿ ಪಾದ್ರಿಯಾದನು.

ತಂದೆ ಡೇನಿಯಲ್ ರೂಸೋವಿನ ಅಭಿಮಾನಿ. ಮನುಕುಲದ ಪ್ರಗತಿಯಲ್ಲಿ ಅಚಲ ವಿಶ್ವಾಸವುಳ್ಳವನು. ಗಾಡ್ವಿನ್ನನ ಪ್ರಬಂಧವೊಂದನ್ನು ಕುರಿತು ತಂದೆ ಮಗನ ನಡುವೆ ವಾದ ಬೆಳೆಯಿತು. ಮಗನ ಸಂಶಯವೇ 1798ರಲ್ಲಿ ಲೇಖಕನ ಹೆಸರಿಲ್ಲದ ಪುಸ್ತಕವಾಗಿ ಹೊರಬಂದಿತು. ಅಡೆತಡೆಯಿಲ್ಲದಿದ್ದರೆ ಜನಸಂಖ್ಯೆ ಇಪ್ಪತ್ತೈದು ವರ್ಷಗಳಿಗೊಮ್ಮೆ ಇಮ್ಮಡಿಯಾಗುತ್ತದೆ: 1, 2, 4, 8, 16. ಆಹಾರವಾದರೋ ಹೆಚ್ಚೆಂದರೆ 1, 2, 3, 4, 5 ಎಂದು ಬೆಳೆದೀತು. ನೂರು ವರ್ಷ ಕಳೆಯುವಷ್ಟರಲ್ಲಿ ಹದಿನಾರು ಬಾಯಿಗಳಿಗೆ ಐದೇ ತುತ್ತು! ಆಗ ಕ್ಷಾಮವೂ ರೋಗವೂ ಜನಸಂಖ್ಯೆಯನ್ನು ತಗ್ಗಿಸುವುವು ಎಂಬುದು ಅವನ ವಾದ.

ಪುಸ್ತಕ ಕೋಲಾಹಲವನ್ನೆಬ್ಬಿಸಿತು. ಮಾಲ್ಥಸ್ ಸಾಕ್ಷ್ಯಗಳನ್ನರಸಿ 1799ರಲ್ಲಿ ನಾರ್ವೆ, ಸ್ವೀಡನ್, ರಷ್ಯಗಳನ್ನು ಸುತ್ತಿದನು. 1803ರ ಆವೃತ್ತಿಗೆ ತನ್ನ ಹೆಸರನ್ನಿತ್ತು, ಜನರು ತಡವಾಗಿ ವಿವಾಹವಾಗಿ ಸಂಯಮದಿಂದ ಬಾಳಿದರೆ ಸಂಕಟವನ್ನು ಕಡಿಮೆ ಮಾಡಬಹುದೆಂದು ಸೇರಿಸಿದನು. ಆದರೆ ಪ್ರಕೃತಿಯ ಔತಣದಲ್ಲಿ ನಿರ್ಗತಿಕನಿಗೆ ಎಡೆಯಿಲ್ಲವೆಂಬರ್ಥದ ಮಾತೂ ಅದರಲ್ಲಿತ್ತು. ಜನ ಅದನ್ನು ಕ್ಷಮಿಸಲಿಲ್ಲ. ಮುಂದಿನ ಆವೃತ್ತಿಯಲ್ಲಿ ಅವನೇ ಅದನ್ನು ತೆಗೆದುಹಾಕಿದನು. ಬಡವರಿಗೆ ಕಾನೂನಿನ ಮೂಲಕ ದೊರೆಯುವ ನೆರವು ಬಡತನವನ್ನೇ ಹೆಚ್ಚಿಸುವುದೆಂಬ ವಾದವನ್ನು ಮಾತ್ರ ಬಿಡಲಿಲ್ಲ. ಸ್ವಭಾವದಿಂದ ಮೃದುವಾದ ಮನುಷ್ಯನ ಲೇಖನಿಯಿಂದ ಇಂಥ ಕಠೋರ ವಿಚಾರ ಬಂದುದು ವಿಚಿತ್ರವೇ ಸರಿ.

1805ರಲ್ಲಿ ಅವನು ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಪ್ರಾಧ್ಯಾಪಕನಾದನು. ಭಾರತಕ್ಕೆ ಬರಲಿದ್ದ ತರುಣ ಅಧಿಕಾರಿಗಳಿಗೆ ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಬೋಧಿಸಿದನು. ಅರ್ಥಶಾಸ್ತ್ರಜ್ಞ ರಿಕಾರ್ಡೊ ಅವನನ್ನು ಹಲವು ವಿಷಯಗಳಲ್ಲಿ ವಿರೋಧಿಸಿದನು. ಆದರೂ ಇಬ್ಬರ ಸ್ನೇಹ ಕಡೆಯವರೆಗೂ ಕೆಡಲಿಲ್ಲ. ಮಾಲ್ಥಸ್ 1834ರ ಡಿಸೆಂಬರಿನಲ್ಲಿ ಬಾತ್ ನಗರದಲ್ಲಿ ತೀರಿಕೊಂಡನು. 1838ರಲ್ಲಿ ಅವನ ಗ್ರಂಥವನ್ನೋದಿದ ಚಾರ್ಲ್ಸ್ ಡಾರ್ವಿನ್ನನಿಗೆ ಜೀವವಿಕಾಸದ ಒಂದು ಮುಖ್ಯ ಸುಳಿವು ದೊರೆಯಿತು.

ಮಾಲ್ಥಸನ ಲೆಕ್ಕ ತಪ್ಪಿತು. ರಾಸಾಯನಿಕ ಗೊಬ್ಬರ, ಸುಧಾರಿತ ಬಿತ್ತನೆಬೀಜ, ಕುಟುಂಬ ಯೋಜನೆ ಇವುಗಳನ್ನು ಅವನು ಕಂಡಿರಲಿಲ್ಲ. 1800ರ ಸುಮಾರಿಗೆ 100 ಕೋಟಿಯಷ್ಟಿದ್ದ ಲೋಕದ ಜನಸಂಖ್ಯೆ 2022ರಲ್ಲಿ 800 ಕೋಟಿ ಮುಟ್ಟಿತು. ಆಹಾರೋತ್ಪಾದನೆ ಅದಕ್ಕಿಂತಲೂ ವೇಗವಾಗಿ ಬೆಳೆಯಿತು. ಆದರೂ ಬೆಳವಣಿಗೆಗೆ ಮಿತಿಯುಂಟೆ ಎಂಬ ಅವನ ಪ್ರಶ್ನೆ ಮುಗಿದುಹೋಗಲಿಲ್ಲ. 1972ರಲ್ಲಿ ಅಮೆರಿಕದ ಸಂಶೋಧಕರು ಗಣಕಯಂತ್ರದ ಸಹಾಯದಿಂದ ಅದನ್ನೇ ಮತ್ತೆ ಕೇಳಿದರು. ಈ ಸಲ ಅವರ ಲೆಕ್ಕದಲ್ಲಿ ಜನಸಂಖ್ಯೆ, ಆಹಾರಗಳೊಡನೆ ಕೈಗಾರಿಕೆ, ಖನಿಜ ಸಂಪತ್ತು, ಮಾಲಿನ್ಯಗಳೂ ಸೇರಿದ್ದವು.