ಮೂತ್ರಪಿಂಡ ರೋಗದ ಮರ್ಮವನ್ನರಿತ ವೈದ್ಯ ರಿಚರ್ಡ್ ಬ್ರೈಟ್

ಮಾನವ ದೇಹವು ಹೊರಗಣ್ಣಿಗೆ ಒಂದೇ ಆಗಿ ತೋರಿದರೂ ಅದರೊಳಗೆ ಒಂದನ್ನೊಂದು ಆಶ್ರಯಿಸಿ ದುಡಿಯುವ ಅನೇಕ ಅಂಗಗಳಿರುವುವು. ಒಂದು ಅಂಗವು ಕೆಟ್ಟರೆ ಅದರ ಬಾಧೆಯು ಮತ್ತೊಂದು ಅಂಗದಲ್ಲಿ ತೋರುವುದುಂಟು. ಮುಖ ಊದಿದರೆ ದೋಷವು ಮೂತ್ರಪಿಂಡಗಳಲ್ಲಿ ಇರಬಹುದೆಂಬುದೂ, ಮೂತ್ರಪಿಂಡಗಳು ಕೆಟ್ಟರೆ ಹೃದಯವು ಬಳಲುವುದೆಂಬುದೂ ಇಂದು ಎಲ್ಲ ವೈದ್ಯರೂ ಬಲ್ಲ ಸಂಗತಿಗಳು. ಇನ್ನೂರು ವರ್ಷಗಳ ಹಿಂದೆ ಹೀಗಿರಲಿಲ್ಲ. ಈ ಸಂಬಂಧವನ್ನು ಸ್ಪಷ್ಟವಾಗಿ ಕಂಡು ಲೋಕಕ್ಕೆ ತೋರಿಸಿಕೊಟ್ಟವನು ಆಂಗ್ಲ ವೈದ್ಯನಾದ ರಿಚರ್ಡ್ ಬ್ರೈಟನು. ತಾನು ಕಂಡುಹಿಡಿದ ರೋಗಕ್ಕೆ ತಕ್ಕ ಮದ್ದು ಈತನಿಗೆ ಬಾಳಿನ ಕೊನೆಯವರೆಗೂ ದೊರೆಯಲಿಲ್ಲ. ಆದರೂ ವೈದ್ಯಲೋಕವು ಈತನನ್ನು ಮರೆಯಲಿಲ್ಲ. ಇದರ ಕಾರಣವು ಈತನ ಚರಿತ್ರೆಯಿಂದಲೇ ತಿಳಿದುಬರುವುದು.

ಬ್ರೈಟನು 1789ನೆಯ ಇಸವಿ ಸಪ್ಟೆಂಬರ್ 28ರಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜನಿಸಿದನು. ತಂದೆಯು ಸಿರಿವಂತನಾದ ವರ್ತಕನು. ಮನೆಯಲ್ಲಿ ಯಾವ ಕೊರತೆಯೂ ಇಲ್ಲದಿದ್ದುದರಿಂದ ಮಗನು ಸುಖವಾಗಿ ಕಾಲ ಕಳೆಯಬಹುದಾಗಿತ್ತು. ಆದರೆ ಬಾಲ್ಯದಿಂದಲೂ ಈತನ ಮನಸ್ಸು ಕಂಡುದನ್ನೆಲ್ಲ ವಿಚಾರಿಸಿ ನೋಡುವುದರಲ್ಲಿ ತೊಡಗಿತ್ತು. 1808ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿ, ಮುಂದೆ ಅಲ್ಲಿಯೇ ವೈದ್ಯವಿದ್ಯೆಯನ್ನು ಕೈಕೊಂಡನು. 1810ರಲ್ಲಿ ಸರ್ ಜಾರ್ಜ್ ಮೆಕೆಂಝಿಯ ಸಂಗಡ ಐಸ್‌ಲೆಂಡ್ ದ್ವೀಪಕ್ಕೆ ಹೋಗಿ, ಆ ಹಿಮದ ನಾಡಿನ ಗಿಡಮರಗಳನ್ನೂ ಪ್ರಾಣಿಗಳನ್ನೂ ಪರಿಶೀಲಿಸಿ ಬರೆದನು. 1813ರಲ್ಲಿ ವೈದ್ಯ ಪದವಿಯನ್ನು ಪಡೆದ ಬಳಿಕ ಯುರೋಪ್ ಖಂಡವನ್ನು ಸುತ್ತಿ, ಹಂಗೇರಿಯ ಹಳ್ಳಿಗಳನ್ನು ಕಂಡು, 1818ರಲ್ಲಿ ತನ್ನ ಪ್ರವಾಸ ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ಈತನೇ ಬರೆದ ಚಿತ್ರಗಳೂ ಇದ್ದುವು. ನೋಡಿದುದನ್ನು ನೋಡಿದಂತೆಯೇ ಬರೆದಿಡುವ ಈ ಅಭ್ಯಾಸವೇ ಮುಂದೆ ಈತನ ವೈದ್ಯವೃತ್ತಿಗೆ ಆಧಾರವಾಯಿತು.

ಲಂಡನ್ ನಗರದಲ್ಲಿ ಗೈ ಆಸ್ಪತ್ರೆಯೆಂಬ ಪ್ರಸಿದ್ಧವಾದ ಧರ್ಮಾಸ್ಪತ್ರೆಯು ಇದ್ದಿತು. ಪುಸ್ತಕ ವ್ಯಾಪಾರದಿಂದ ಹಣ ಗಳಿಸಿದ ಥಾಮಸ್ ಗೈ ಎಂಬಾತನು ತನ್ನ ಸಂಪತ್ತನ್ನು ಬಡರೋಗಿಗಳಿಗಾಗಿ ವಿನಿಯೋಗಿಸಿ ಇದನ್ನು ಕಟ್ಟಿಸಿದನು. 1725ರಲ್ಲಿ ಅದರ ಬಾಗಿಲು ತೆರೆಯಿತು. ಬ್ರೈಟನು 1820ರಲ್ಲಿ ಅಲ್ಲಿ ಸಹಾಯಕ ವೈದ್ಯನಾಗಿಯೂ 1824ರಲ್ಲಿ ಪೂರ್ಣ ವೈದ್ಯನಾಗಿಯೂ ನಿಯಮಿತನಾದನು. ಥಾಮಸ್ ಅಡಿಸನ್, ಥಾಮಸ್ ಹಾಡ್ಜ್‌ಕಿನ್ ಎಂಬ ವಿದ್ವಾಂಸರು ಅದೇ ಆಸ್ಪತ್ರೆಯಲ್ಲಿ ಈತನ ಸಹೋದ್ಯೋಗಿಗಳಾಗಿದ್ದರು. ಈ ಮೂವರ ಹೆಸರುಗಳೂ ಮೂರು ರೋಗಗಳ ಹೆಸರಿನಲ್ಲಿ ಇಂದಿಗೂ ಉಳಿದಿರುವುವು.

ಆ ಕಾಲದಲ್ಲಿ ನೀರುಬಾವು ಎಂಬುದು ಜನರನ್ನು ಬಹಳವಾಗಿ ಪೀಡಿಸುತ್ತಿದ್ದಿತು. ರೋಗಿಯ ಮುಖವು ಊದಿಕೊಳ್ಳುವುದು, ಕಾಲುಗಳು ದಪ್ಪನಾಗುವುವು, ಹೊಟ್ಟೆಯಲ್ಲಿ ನೀರು ತುಂಬುವುದು, ಕೊನೆಗೆ ಉಸಿರಾಡುವುದೂ ಕಷ್ಟವಾಗಿ, ಬುದ್ಧಿಯು ಮಂಕಾಗಿ, ಸೆಳೆತ ಬಂದು ಪ್ರಾಣವು ಹೋಗುವುದು. ವೈದ್ಯರು ಬಾವನ್ನೇ ರೋಗವೆಂದು ತಿಳಿದು ಚಿಕಿತ್ಸೆ ಮಾಡುತ್ತಿದ್ದರು. ಬಾವು ರೋಗವಲ್ಲ, ರೋಗದ ಗುರುತು ಮಾತ್ರವೆಂದು ಭಾವಿಸಿ ಅದರ ಮೂಲವನ್ನು ಅರಸಹೊರಟುದೇ ಬ್ರೈಟನ ಹಿರಿಮೆಯು.

ಈತನು ಬಳಸಿದ ಉಪಕರಣಗಳು ಬಹು ಸರಳವಾದವು. ರೋಗಿಯ ಮೂತ್ರವನ್ನು ಒಂದು ಚಮಚದಲ್ಲಿ ತೆಗೆದುಕೊಂಡು ಮೇಣದ ಬತ್ತಿಯ ಉರಿಯ ಮೇಲೆ ಹಿಡಿಯುವನು. ಮೂತ್ರವು ಕಾದಂತೆ ಕೆಲವರದು ತಿಳಿಯಾಗಿಯೇ ಉಳಿಯುವುದು. ಕೆಲವರದು ಮೊಟ್ಟೆಯ ಲೋಳೆಯು ಬೆಂದಂತೆ ಬೆಳ್ಳಗೆ ಹೆಪ್ಪುಗಟ್ಟುವುದು. ಹೆಪ್ಪುಗಟ್ಟುವ ಆ ವಸ್ತುವಿಗೆ ಅಲ್ಬುಮಿನ್ ಎಂದು ಹೆಸರು. ಅದು ರಕ್ತದಲ್ಲಿ ಇರಬೇಕಾದ ಸಾರ, ಮೂತ್ರದಲ್ಲಿ ಹರಿದುಹೋಗತಕ್ಕುದಲ್ಲ. ನೀರುಬಾವಿನವರ ಮೂತ್ರವು ಹೀಗೆ ಹೆಪ್ಪುಗಟ್ಟುವುದನ್ನು ಇಟಲಿಯ ಕೋಟುನ್ಯೋ, ಇಂಗ್ಲೆಂಡಿನ ವೆಲ್ಸ್ ಮತ್ತು ಬ್ಲ್ಯಾಕಾಲ್ ಎಂಬ ವೈದ್ಯರು ಬ್ರೈಟನಿಗಿಂತ ಮೊದಲೇ ಕಂಡಿದ್ದರು. ಆದರೆ ಈ ಗುರುತು ದೇಹದ ಯಾವ ಅಂಗದ ದೋಷವನ್ನು ಸೂಚಿಸುವುದೆಂಬುದನ್ನು ಅವರಾರೂ ನಿಶ್ಚಯಿಸಿರಲಿಲ್ಲ.

ಬ್ರೈಟನು ರೋಗಿಯು ಬದುಕಿರುವಾಗ ಮಂಚದ ಬಳಿಯಲ್ಲಿ ನಿಂತು ಕಂಡುದನ್ನೆಲ್ಲ ಬರೆದಿಡುವನು. ರೋಗಿಯು ತೀರಿಕೊಂಡರೆ ಶವಪರೀಕ್ಷೆಯಲ್ಲಿ ಅಂಗಗಳನ್ನು ತಾನೇ ಪರಿಶೀಲಿಸುವನು. ಎರಡೂ ಬರಹಗಳನ್ನು ಹೊಂದಿಸಿ ನೋಡಿದಾಗ ಒಂದು ಸಂಗತಿಯು ಮತ್ತೆ ಮತ್ತೆ ಕಂಡುಬಂದಿತು. ಮೈ ಊದಿ, ಮೂತ್ರವು ಹೆಪ್ಪುಗಟ್ಟುತ್ತಿದ್ದವರ ಮೂತ್ರಪಿಂಡಗಳು ಆರೋಗ್ಯವಾಗಿರಲಿಲ್ಲ. ಕೆಲವು ಊದಿ ಬಿಳಿಚಿಕೊಂಡಿದ್ದುವು. ಕೆಲವು ಮುದುಡಿ, ಗಟ್ಟಿಯಾಗಿ, ಮೇಲೆಲ್ಲ ಹರಳು ಹರಳಾಗಿದ್ದುವು. ಈ ವಿಷಯವನ್ನು ಈತನು 1827ರಲ್ಲಿ ವರ್ಣಚಿತ್ರಗಳ ಸಮೇತ ಒಂದು ಮಹಾಗ್ರಂಥದಲ್ಲಿ ಪ್ರಕಟಿಸಿದನು. ಜಾನ್ ಬಾಸ್ಟಕ್ ಎಂಬ ರಸಾಯನ ಶಾಸ್ತ್ರಜ್ಞನು ಈತನಿಗೆ ನೆರವಾಗಿ, ಇಂತಹ ರೋಗಿಗಳ ಮೂತ್ರದಲ್ಲಿ ಯೂರಿಯಾ ಎಂಬ ಕಶ್ಮಲವು ಕಡಿಮೆಯಾಗಿರುವುದನ್ನು ತೋರಿಸಿದನು. ಹೊರಗೆ ಹೋಗಬೇಕಾದ ಆ ಕಶ್ಮಲವು ರಕ್ತದಲ್ಲಿಯೇ ಉಳಿಯುತ್ತಿದ್ದಿತು. ಹೀಗೆ ಆರೋಗ್ಯವಂತನ ಮೂತ್ರಪಿಂಡವು ಮಾಡುವ ಕೆಲಸವೂ, ಕೆಟ್ಟ ಮೂತ್ರಪಿಂಡವು ಮಾಡಲಾರದ ಕೆಲಸವೂ ಒಂದರ ಬೆಳಕಿನಲ್ಲಿ ಮತ್ತೊಂದು ತಿಳಿಯಬಂದುವು. ಈ ಬೇನೆಯು ಬಹುಕಾಲ ಬ್ರೈಟನ ರೋಗವೆಂಬ ಹೆಸರಿನಿಂದಲೇ ಪ್ರಸಿದ್ಧವಾಗಿದ್ದಿತು.

ಆದರೆ ಈತನ ದೃಷ್ಟಿಯು ಮೂತ್ರಪಿಂಡದಲ್ಲಿಯೇ ನಿಲ್ಲಲಿಲ್ಲ. 1836ರಲ್ಲಿ ಇಂತಹ ನೂರು ರೋಗಿಗಳ ವಿವರವನ್ನು ಪಟ್ಟಿಯಾಗಿ ಜೋಡಿಸಿ ನೋಡಿದಾಗ 52 ಜನರ ಹೃದಯವು ದಪ್ಪವಾಗಿ ಬೆಳೆದಿದ್ದಿತು. ಹೃದಯದ ಕವಾಟಗಳು ಕೆಟ್ಟರೆ ಹೀಗಾಗುವುದು ಸಹಜ. ಆದರೆ ಆ 52ರಲ್ಲಿ 34 ಜನರ ಕವಾಟಗಳಲ್ಲಿ ಯಾವ ದೋಷವೂ ಇರಲಿಲ್ಲ. ಹಾಗಾದರೆ ಹೃದಯಕ್ಕೆ ಇಷ್ಟು ದುಡಿಮೆಯ ಭಾರವನ್ನು ಹೊರಿಸಿದುದು ಯಾವುದು? ಮೂತ್ರಪಿಂಡವು ಕೆಟ್ಟುದರಿಂದ ರಕ್ತದ ಗುಣವು ಮಾರ್ಪಟ್ಟು, ಒಂದೋ ಅದು ಹೃದಯವನ್ನೇ ಕೆರಳಿಸುತ್ತಿರಬೇಕು. ಇಲ್ಲವೆ ಸೂಕ್ಷ್ಮವಾದ ರಕ್ತನಾಳಗಳಲ್ಲಿ ತಡೆಯನ್ನುಂಟುಮಾಡಿ, ಆ ತಡೆಯನ್ನು ಮೀರಿ ರಕ್ತವನ್ನು ನೂಕಲು ಹೃದಯವು ಹೆಚ್ಚು ಬಲವನ್ನು ಹಾಕಬೇಕಾಗಿರಬೇಕು ಎಂದು ಬ್ರೈಟನು ಊಹಿಸಿದನು. ರಕ್ತದ ಒತ್ತಡವನ್ನು ರೋಗಿಯ ತೋಳಿನಲ್ಲಿ ಅಳೆಯುವ ಸಾಧನವು ಆಗ ಇರಲಿಲ್ಲ. ಇಟಲಿಯ ರೀವಾ ರೋಚಿಯು ಅಂತಹ ಸಾಧನವನ್ನು ಪ್ರಕಟಿಸಿದುದು 1896ರಲ್ಲಿ. ಕಣ್ಣಿಗೆ ಕಾಣದ ಒತ್ತಡವನ್ನು ಬ್ರೈಟನು ಅದು ಹೃದಯದ ಮೇಲೆ ಬಿಟ್ಟುಹೋದ ಗುರುತಿನಿಂದಲೇ ತರ್ಕಿಸಿದನು.

1842ರಲ್ಲಿ ಗೈ ಆಸ್ಪತ್ರೆಯು ಮೂತ್ರಪಿಂಡ ರೋಗಿಗಳಿಗಾಗಿಯೇ 42 ಹಾಸಿಗೆಗಳನ್ನು ಆರು ತಿಂಗಳ ಕಾಲ ಮೀಸಲಾಗಿಟ್ಟಿತು. ಗಂಡಸರಿಗೊಂದು, ಹೆಂಗಸರಿಗೊಂದು ಕೊಠಡಿ. ಅವುಗಳಿಗೆ ಹೊಂದಿದಂತೆ ಒಂದು ಪ್ರಯೋಗಶಾಲೆ. ಒಂದೇ ಬಗೆಯ ರೋಗಿಗಳನ್ನು ಒಂದೆಡೆ ಇರಿಸಿ, ಹಲವರು ವೈದ್ಯರು ಕೂಡಿ ಪರೀಕ್ಷಿಸುವ ಈ ಕ್ರಮವು ಆ ಕಾಲಕ್ಕೆ ಹೊಸದು.

ಇಷ್ಟೆಲ್ಲ ತಿಳಿದರೂ ರೋಗಿಗಳು ಸಾಯುತ್ತಲೇ ಇದ್ದರು. ರಕ್ತ ತೆಗೆಯುವುದು, ಭೇದಿಗೆ ಕೊಡುವುದು, ಬೆವರಿಸುವುದು, ಪಥ್ಯದಲ್ಲಿರಿಸುವುದು, ಇವೇ ಆಗಿನ ಚಿಕಿತ್ಸೆಗಳು. ರೋಗವು ಬೇರೂರಿದ ಮೇಲೆ ಇವುಗಳಿಂದ ಸಿಗುವ ಫಲವು ಅತ್ಯಲ್ಪವೆಂಬುದನ್ನು ಬ್ರೈಟನು ಮುಚ್ಚಿಡಲಿಲ್ಲ. ಗುಣಪಡಿಸಿದವರ ಲೆಕ್ಕವನ್ನು ಹೇಳಿ ಕೀರ್ತಿ ಗಳಿಸುವವರು ಎಲ್ಲ ಕಾಲದಲ್ಲಿಯೂ ಇರುವರು. ತನ್ನ ಕೈಯಲ್ಲಿ ತೀರಿಕೊಂಡವರ ವಿವರವನ್ನು ಅಚ್ಚುಮಾಡಿಸಿ, ಮುಂದೆ ಬರುವವರು ಇದರಿಂದ ಕಲಿಯಲೆಂದು ಒಪ್ಪಿಸುವವರು ವಿರಳ. ಸ್ವಂತ ಬಾಳಿನಲ್ಲಿಯೂ ಈತನಿಗೆ ಸಾವಿನ ಪರಿಚಯವಿದ್ದಿತು. 1822ರಲ್ಲಿ ಕೈಹಿಡಿದ ಮೊದಲನೆಯ ಪತ್ನಿಯು ಮರುವರ್ಷವೇ ಬಾಣಂತಿಯಾಗಿ ತೀರಿಕೊಂಡಳು. ಆ ದುಃಖದ ನಡುವೆಯೂ ಈತನು ಆಸ್ಪತ್ರೆಯ ಕೆಲಸವನ್ನು ಬಿಡಲಿಲ್ಲ. ಮಹಾಗ್ರಂಥಕ್ಕೆ ಬೇಕಾದ ವಿವರಗಳನ್ನು ಕೂಡಿಸಿದುದು ಆ ವರ್ಷಗಳಲ್ಲಿಯೇ.

1837ರಲ್ಲಿ ವಿಕ್ಟೋರಿಯಾ ರಾಣಿಯ ವೈದ್ಯರಲ್ಲಿ ಒಬ್ಬನಾಗಿ ನಿಯಮಿತನಾದ ಬ್ರೈಟನಿಗೆ ಲಂಡನ್ನಿನಲ್ಲಿ ಹೆಸರೂ ಹಣವೂ ದೊರೆತುವು. 1858ನೆಯ ಇಸವಿ ಡಿಸೆಂಬರ್ 16ರಂದು ಈತನು ತನ್ನ 69ನೆಯ ವಯಸ್ಸಿನಲ್ಲಿ ಹೃದ್ರೋಗದಿಂದ ಕಾಲವಾದನು.

ಈತನು ಬಿಟ್ಟುಹೋದ ಪ್ರಶ್ನೆಯು ಈತನೊಡನೆ ಮುಗಿಯಲಿಲ್ಲ. ಅದನ್ನು ಮುಂದುವರಿಸಿದವರಲ್ಲಿ ಒಬ್ಬನಿಗೆ ನಮ್ಮ ದೇಶದ ಸಂಬಂಧವಿದ್ದಿತು. ಪಾಟ್ನಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಶೇಖ್ ದೀನ್ ಮಹಮ್ಮದನ ಮೊಮ್ಮಗನಾದ ಫ್ರೆಡರಿಕ್ ಅಕ್ಬರ್ ಮಹಮ್ಮದನು ಅದೇ ಗೈ ಆಸ್ಪತ್ರೆಯಲ್ಲಿ ಕಲಿತು, ನಾಡಿಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರವನ್ನು ಸುಧಾರಿಸಿದನು. ಕೆಲವರಲ್ಲಿ ಮೂತ್ರಪಿಂಡವು ಕೆಡುವುದಕ್ಕೆ ಮೊದಲೇ ರಕ್ತದೊತ್ತಡವು ಏರಿರುವುದೆಂದು ಈತನು ತೋರಿಸಿದನು. ಎಂದರೆ ಮೂತ್ರಪಿಂಡದ ದೋಷದಿಂದ ಒತ್ತಡವು ಹೆಚ್ಚುವಂತೆಯೇ ಒತ್ತಡದಿಂದಲೂ ಮೂತ್ರಪಿಂಡವು ಕೆಡಬಹುದು. ಈತನು 1884ರಲ್ಲಿ 35ನೆಯ ವಯಸ್ಸಿಗೇ ವಿಷಮಶೀತ ಜ್ವರದಿಂದ ತೀರಿಕೊಂಡುದು ವೈದ್ಯಶಾಸ್ತ್ರಕ್ಕೆ ದೊಡ್ಡ ನಷ್ಟವು. 1898ರಲ್ಲಿ ಟೀಗರ್‌ಸ್ಟೆಟ್ ಮತ್ತು ಬೆರ್ಗ್‌ಮನ್ ಎಂಬವರು ಮೂತ್ರಪಿಂಡದಲ್ಲಿಯೇ ಒತ್ತಡವನ್ನೇರಿಸುವ ರೆನಿನ್ ಎಂಬ ವಸ್ತುವನ್ನು ಕಂಡರು. 1934ರಲ್ಲಿ ಅಮೇರಿಕದ ಹ್ಯಾರಿ ಗೋಲ್ಡ್‌ಬ್ಲಾಟನು ನಾಯಿಗಳ ಮೂತ್ರಪಿಂಡದ ಧಮನಿಯನ್ನು ಕಿರಿದುಗೊಳಿಸಿ, ಒತ್ತಡವು ಏರುವುದನ್ನು ಪ್ರತ್ಯಕ್ಷವಾಗಿ ತೋರಿಸಿದನು. ಬ್ರೈಟನು ಊಹೆಯಾಗಿ ಹೇಳಿದ ಮಾತು ಸುಮಾರು ನೂರು ವರ್ಷಗಳ ಬಳಿಕ ಪ್ರಯೋಗದಿಂದ ಬಲಗೊಂಡಿತು.

ಇಂದು ತಿಳಿದಿರುವಂತೆ ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮವಾದ ಶೋಧಕಗಳಿರುವುವು. ಎರಡೂ ಕೂಡಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದುದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸಿ, ಒಂದೆರಡು ಲೀಟರ್ ಮಾತ್ರ ಹೊರಗೆ ಕಳುಹಿಸುವುವು. ದೇಹದ ಉಪ್ಪು ನೀರುಗಳ ಲೆಕ್ಕವನ್ನಿಡುವುದೂ, ಅದರ ಮೂಲಕ ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದೂ ಇವುಗಳದೇ ಕೆಲಸ. ಈ ಶೋಧಕಗಳು ಕೆಡುವಾಗ ಬಹುಕಾಲ ನೋವೇ ತೋರುವುದಿಲ್ಲ. ಆದುದರಿಂದ ರೋಗವಿಲ್ಲವೆಂದು ತಿಳಿದವರೂ ಆಗಾಗ ರಕ್ತದೊತ್ತಡವನ್ನೂ ಮೂತ್ರವನ್ನೂ ಪರೀಕ್ಷಿಸಿಕೊಳ್ಳುವುದು ಹಿತವು. ಒತ್ತಡವನ್ನಿಳಿಸುವ ಮದ್ದುಗಳೂ, ರಕ್ತವನ್ನು ಸೋಸುವ ಯಂತ್ರಗಳೂ, ಮೂತ್ರಪಿಂಡವನ್ನೇ ದಾನವಾಗಿ ಪಡೆದು ಜೋಡಿಸುವ ಶಸ್ತ್ರವಿದ್ಯೆಯೂ ಬ್ರೈಟನ ತರುವಾಯದ ವೈದ್ಯರ ಕೊಡುಗೆಗಳು. ಆದರೆ ಮೂತ್ರದಲ್ಲಿ ಅಲ್ಬುಮಿನ್ ಇರುವುದೇ ಎಂದು ಈತನು ಮೇಣದ ಬತ್ತಿಯ ಮುಂದೆ ಕೇಳಿದ ಪ್ರಶ್ನೆಯನ್ನೇ ಇಂದಿನ ಪ್ರಯೋಗಶಾಲೆಗಳೂ ಕೇಳುತ್ತಿರುವುವು.

ಸಂಪತ್ತಿನಲ್ಲಿ ಹುಟ್ಟಿದರೂ ಬ್ರೈಟನು ಬಡವರ ಮಂಚದ ಬಳಿಯಲ್ಲಿ ನಿಂತು ದುಡಿದನು. ಅಸಾಧ್ಯವಾದುದನ್ನು ಸಾಧಿಸಿದೆನೆಂದು ಹೇಳಿಕೊಳ್ಳಲಿಲ್ಲ. ಗುಣಪಡಿಸಲಾರೆನೆಂದು ನೋಡುವುದನ್ನು ನಿಲ್ಲಿಸಲೂ ಇಲ್ಲ. ಈತನು ಉಳಿಸಲಾರದೆ ಹೋದವರ ವಿವರಗಳನ್ನೇ ದಾರಿದೀಪವಾಗಿ ಹಿಡಿದು ತರುವಾಯದವರು ಮುಂದೆ ನಡೆದರು. ಫಲವು ತನ್ನ ಕಾಲಕ್ಕೆ ಕೈಗೂಡದಿದ್ದರೂ ಸತ್ಯವನ್ನು ಬಿಡದೆ ನಡೆಸಿದ ಕಾಯಕವು ವ್ಯರ್ಥವಾಗುವುದಿಲ್ಲವೆಂಬುದಕ್ಕೆ ಈ ಮಹನೀಯನ ಬಾಳು ನಿದರ್ಶನವಾಗಿರುವುದು.