ಕಥೆ ಹೇಳಿದ ಗುರು: ಪಂಜೆ ಮಂಗೇಶರಾಯರು

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಹಿರಿಯರೊಬ್ಬರ ಜೀವನವನ್ನು ಕುರಿತು ಬರೆಯಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದ ಹೆಸರು ಪಂಜೆ ಮಂಗೇಶರಾಯರದು. ಗೋವೆಯ ಕನ್ನಡಿಗರಾದ ನಮಗೆ ಅವರು ವಿಶೇಷವಾಗಿ ಹತ್ತಿರದವರು. ಅವರ ಮನೆಮಾತು ಕೊಂಕಣಿ. ಜೀವಮಾನದ ದುಡಿಮೆ ಕನ್ನಡದ ಮಕ್ಕಳಿಗಾಗಿ.

ಪಂಜೆಯವರು ಹುಟ್ಟಿದ್ದು 1874ರಲ್ಲಿ, ದಕ್ಷಿಣ ಕನ್ನಡದ ಬಂಟವಾಳದಲ್ಲಿ. ಪೂರ್ವಿಕರ ಊರು ಪಂಜ. ಅದೇ ಅವರ ಹೆಸರಿಗೆ ಅಂಟಿಕೊಂಡಿತು. ಬಡತನದಲ್ಲಿ ಬೆಳೆದು, ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮುಂದೆ ಇಂಗ್ಲಿಷ್ ಹೀಗೆ ನಾಲ್ಕು ಭಾಷೆಗಳ ನಡುವೆ ಅವರ ವಿದ್ಯಾಭ್ಯಾಸ ಸಾಗಿತು. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು, ಬಿ.ಎ., ಎಲ್.ಟಿ. ಪದವಿಗಳನ್ನೂ ಪಡೆದರು. ಮಂಜೇಶ್ವರದ ಗೋವಿಂದ ಪೈಗಳು ಮಂಗಳೂರಿನಲ್ಲಿ ಅವರ ಶಿಷ್ಯರಾಗಿದ್ದರು.

ಅನಂತರ ಅವರು ಶಾಲಾ ತನಿಖಾಧಿಕಾರಿಗಳಾದರು. ಆ ಕಾಲದಲ್ಲಿ ಇನ್‌ಸ್ಪೆಕ್ಟರು ಬರುವರೆಂದರೆ ಶಾಲೆಯೇ ನಡುಗುತ್ತಿತ್ತು. ಪಂಜೆಯವರಾದರೋ ಮಕ್ಕಳ ಮುಂದೆ ನಿಂತು ಕಥೆ ಹೇಳುವರು, ಹಾಡುವರು, ಅಭಿನಯಿಸುವರು. ಮುಂದೆ ಕೊಡಗಿಗೆ ಹೋಗಿ ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಅವರ ಹುತ್ತರಿ ಹಾಡು ಆ ನಾಡಿನ ಜನರ ಬಾಯಲ್ಲಿ ಉಳಿದಿದೆ.

ಇಂಗ್ಲಿಷಿನಿಂದ ಅವರು ಪಡೆದುದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. 1900ರ ಸುಮಾರಿಗೆ ಮಂಗಳೂರಿನ ‘ಸುವಾಸಿನಿ’ ಪತ್ರಿಕೆಯಲ್ಲಿ ಅವರ ಸಣ್ಣಕಥೆಗಳು ಬಂದವು. ಹೊಸಗನ್ನಡದ ಮೊದಮೊದಲ ಸಣ್ಣಕಥೆಗಳೆಂದು ವಿಮರ್ಶಕರು ಅವನ್ನು ಎಣಿಸುತ್ತಾರೆ. ಮಕ್ಕಳ ಪುಸ್ತಕಗಳಿಗಾಗಿ 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಇಂಗ್ಲಿಷ್ ಮಕ್ಕಳ ‘ಮೂರು ಕರಡಿಗಳು’ ಅವರ ಕೈಯಲ್ಲಿ ಕನ್ನಡದ ಕರಡಿಗಳಾದವು. ಪದಕ್ಕೆ ಪದವಿಡುವ ಅನುವಾದ ಅವರದಲ್ಲ. ಓದಿ, ಅರಗಿಸಿಕೊಂಡು, ಮರಳಿ ಹೇಳುವುದು ಅವರ ರೀತಿ.

ಈ ರೀತಿಯಲ್ಲಿ ಅಧ್ಯಾಪಕರಿಗೆ ದೊಡ್ಡ ಪಾಠವಿದೆ. ಅವರ ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕಥೆಯನ್ನೇ ನೋಡಿರಿ. ಒಂದೇ ಬಗೆಯ ಪ್ರಶ್ನೆ, ಒಂದೇ ಬಗೆಯ ಉತ್ತರ. ಒಬ್ಬರು ಮತ್ತೊಬ್ಬರತ್ತ ಬೆರಳು ತೋರಿಸುತ್ತಾ ಕಥೆ ಸರಪಳಿಯಂತೆ ಬೆಳೆಯುತ್ತದೆ. ಮಗು ಎರಡು ಸಲ ಕೇಳಿದರೆ ಮೂರನೆಯ ಸಲ ತಾನೇ ಹೇಳುತ್ತದೆ. ವಾಕ್ಯರಚನೆ ವ್ಯಾಕರಣದ ಹೆಸರೆತ್ತದೆಯೇ ನಾಲಗೆಗೆ ಬರುತ್ತದೆ.

ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿದ ನಾನು ಇಂಗ್ಲಿಷ್ ತರಗತಿಯಲ್ಲಿ ಹಿಡಿದದ್ದು ಇದೇ ದಾರಿ. ಬಂದರಿಗೆ, ಗಣಿಗೆ, ಕಟ್ಟಡದ ಕೆಲಸಕ್ಕೆ ಎಂದು ಬಾಗಲಕೋಟೆ, ಗದಗ, ವಿಜಯಪುರದ ಕಡೆಯಿಂದ ಬಂದ ತಂದೆತಾಯಿಗಳ ಮಕ್ಕಳು ನಮ್ಮವರು; ಮನೆಯಲ್ಲಿ ಇಂಗ್ಲಿಷ್ ಕೇಳಿದವರಲ್ಲ. ಪುಟ್ಟ ಇಂಗ್ಲಿಷ್ ಕಥೆಯೊಂದನ್ನು ಎರಡು ಸಲ ಓದಿಸಿ, ಪುಸ್ತಕ ಮುಚ್ಚಿಸಿ, ಮೊದಲು ಕನ್ನಡದಲ್ಲಿ ಹೇಳಿಸುತ್ತಿದ್ದೆ. ಅರ್ಥ ಗಟ್ಟಿಯಾದ ಮೇಲೆ ಅದೇ ಕಥೆಯನ್ನು ಐದಾರು ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿಸುತ್ತಿದ್ದೆ. ತಪ್ಪಿದರೆ ನಡುವೆ ತಡೆಯುತ್ತಿರಲಿಲ್ಲ. ಕಥೆ ಮುಗಿದ ಬಳಿಕ ತಿದ್ದುತ್ತಿದ್ದೆ. ಕಂಠಪಾಠದ ಪ್ರಶ್ನೋತ್ತರ ಪರೀಕ್ಷೆ ಮುಗಿದ ಮರುದಿನ ಮರೆಯುತ್ತಿತ್ತು. ತಾನೇ ಹೇಳಿದ ಕಥೆಯನ್ನು ಮಗು ಮರೆಯುತ್ತಿರಲಿಲ್ಲ.

ಪಂಜೆಯವರು 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1937ರಲ್ಲಿ ಹೈದರಾಬಾದಿನಲ್ಲಿ ಕಣ್ಮುಚ್ಚಿದರು. ಆಡಂಬರವನ್ನೊಲ್ಲದ ಅವರು ಎಷ್ಟೋ ಬರಹಗಳಿಗೆ ‘ಕವಿಶಿಷ್ಯ’ ಎಂದಷ್ಟೇ ಅಂಕಿತ ಹಾಕಿದ್ದರು.

ಕನ್ನಡ ಶಾಲೆಗೆ ಕಳುಹಿಸಿದರೆ ಮಗುವಿಗೆ ಇಂಗ್ಲಿಷ್ ಬಾರದೆಂಬ ಭಯದಿಂದ ನಮ್ಮ ಕುಟುಂಬಗಳು ಒಂದೊಂದಾಗಿ ಈ ಅಂಗಳವನ್ನು ಬಿಡುತ್ತಿವೆ. ಹೊಟ್ಟೆಪಾಡಿನ ಈ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ತನ್ನ ನುಡಿಯಲ್ಲಿ ಒಂದು ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಬಲ್ಲ ಮಗುವಿಗೆ ಇನ್ನೊಂದು ನುಡಿ ಪರಕೀಯವಾಗಿ ಉಳಿಯದು. ಪಂಜೆಯವರ ಬಾಳು ಇದಕ್ಕೆ ಸಾಕ್ಷಿ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ: ವಾರಕ್ಕೊಂದು ಗಂಟೆ ಶಾಲೆಗೆ ಬನ್ನಿರಿ, ಮಕ್ಕಳಿಗೆ ಒಂದು ಕಥೆ ಓದಿ ಹೇಳಿರಿ, ಅವರಿಂದ ಅದನ್ನು ಮರಳಿ ಕೇಳಿರಿ. ನಮ್ಮ ಶಾಲೆಗೆ ನೀವು ಸಲ್ಲಿಸಬಹುದಾದ ಕಾಣಿಕೆಗಳಲ್ಲಿ ಇದು ಅತ್ಯಂತ ಬೆಲೆಯುಳ್ಳದ್ದು.